ಮೂವತ್ತೇಳು ತೂತುಗಳ ವಿಷಯವಾಗಿ ಎರೆಹುಳುಗಳಿಗೆ

ನೆಲದಡಿಯ ಎರೆಹುಳುಗಳಿಗೆ, ಮತ್ತು ಬರಿಗಣ್ಣಿಗೆ ಕಾಣಿಸಿಕೊಳ್ಳುವಷ್ಟೂ ಪುರುಸೊತ್ತಿಲ್ಲದ ತಮ್ಮ ಸಮಸ್ತ ಬಳಗಕ್ಕೆ,

ಮಾನ್ಯರೇ,

ಮೇಲ್ನೆಲದ ರಫೂಗಾರನೊಬ್ಬನ ನಮಸ್ಕಾರಗಳು. ತಾವೆಲ್ಲ ತಂಪಾಗಿ, ತೇವವಾಗಿ, ಹೊಟ್ಟೆ ತುಂಬ ಉಂಡುಕೊಂಡು ಇದ್ದೀರೆಂದು ನಂಬಿದ್ದೇನೆ. ಹರಿದ ಬಟ್ಟೆಯನ್ನು ಹರಿದದ್ದೇ ಗೊತ್ತಾಗದಂತೆ ಹೆಣೆದುಕೊಡುವುದು ನಲವತ್ತು ವರ್ಷಗಳಿಂದ ನನ್ನ ಕಸುಬು. ತೂತು ಎಲ್ಲಿತ್ತೆಂದು ಗಿರಾಕಿಯೇ ಹುಡುಕಿ ಸೋತರೆ ಅದೇ ನನಗೆ ಸನ್ಮಾನ.

ಹೀಗಿರುವಾಗ ನನ್ನ ಮಗಳು ಕಲಾವಿದೆಯಾದಳು. ಬಿಳಿ ಹತ್ತಿಯ ಅಂಗಿಯೊಂದನ್ನು ಹಿತ್ತಿಲಲ್ಲಿ ಹೂತು, ಎರಡು ತಿಂಗಳು ಕಾದು, ತೆಗೆದು, ಜಾಲಿಸಿ ಒಣಹಾಕಿದಳು. ಮಣ್ಣಿನಲ್ಲಿ ಎಷ್ಟು ಜೀವವಿದೆಯೋ ಅಂಗಿಯಲ್ಲಿ ಅಷ್ಟು ತೂತು ಬೀಳುತ್ತದಂತೆ. ಕಾಲಡಿಯಲ್ಲಿ ಯಾರ್ಯಾರು ಬದುಕಿದ್ದಾರೆಂದು ಜನರಿಗೆ ತೋರಿಸುವ ಪ್ರದರ್ಶನವಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ನಾನು ಕಂಡದ್ದು ತಂತಿಯ ಮೇಲೆ ಮೂವತ್ತೇಳು ತೂತಿನ ಅಂಗಿ. ರಫೂಗಾರನ ಮಗಳು ಹರುಕು ಅಂಗಿ ತೊಡುವುದೇ ಎಂದು ಸೂಜಿ-ದಾರ ತೆಗೆದೆ. ಅವಳು ಮೂರು ದಿನ ಊರಲ್ಲಿರಲಿಲ್ಲ. ಕಿಟಕಿಯ ಬೆಳಕಿಗೆ ಕೂತು ಅಷ್ಟನ್ನೂ ಮುಚ್ಚಿದೆ. ನನ್ನ ಜೀವಮಾನದ ಅತ್ಯುತ್ತಮ ಕೆಲಸ ಅದು. ವಾಪಸು ಬಂದವಳು ಅಂಗಿಯನ್ನು ಬೆಳಕಿಗೆ ಹಿಡಿದು, “ಅಪ್ಪಾ, ಆ ತೂತುಗಳೇ ನನ್ನ ಕೆಲಸ ಆಗಿತ್ತು” ಎಂದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ಉಪ್ಪು ಬೇಕಾದರೂ ಅವರಮ್ಮನ ಮೂಲಕವೇ ಕೇಳುತ್ತಾಳೆ.

ತಾವು ಸೂಜಿಯಿಲ್ಲದೆ, ಕನ್ನಡಕವಿಲ್ಲದೆ, ಅಳತೆಯ ಗೋಜಿಲ್ಲದೆ, ಮಲಗಿದಲ್ಲೇ ಮೇದದ್ದು ಕಲೆಯಾಯಿತು. ಆಹ್ವಾನಪತ್ರಿಕೆಯಲ್ಲಿ ತಮ್ಮನ್ನು ಸಹಕಲಾವಿದರೆಂದು ಅಚ್ಚು ಹಾಕಿಸಿದ್ದಾಳೆ. ಕೂದಲು ನರೆಯುವತನಕ ಸೂಜಿ ಹಿಡಿದ ನನ್ನದು ಮಾತ್ರ ಅಪರಾಧ. ನನಗೆ ಹೊಟ್ಟೆಕಿಚ್ಚಾಗಿದೆ, ಹೇಳಿಬಿಡುತ್ತೇನೆ.

ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಅಂಗಿಯನ್ನು ಅದೇ ಗುಂಡಿಯಲ್ಲಿ ನಾನೇ ಮತ್ತೆ ಹೂತಿದ್ದೇನೆ. ಪ್ರದರ್ಶನಕ್ಕೆ ಇನ್ನು ಐದು ವಾರ. ದಯಮಾಡಿ ತಾವು ಹಬ್ಬ-ಹುಣ್ಣಿಮೆ ಎಂದು ರಜೆ ಹಾಕದೆ, ಮೊದಲಿನ ಜಾಗಗಳಲ್ಲೇ, ಮೊದಲಿನ ಆಕಾರದಲ್ಲೇ ತಿಂದುಕೊಡಬೇಕು. ಕಾಲರಿನ ಎಡಕ್ಕಿದ್ದುದು ಹುಣಸೆಬೀಜದಷ್ಟಿತ್ತು. ಅನುಕೂಲಕ್ಕೆಂದು ನಕ್ಷೆ ಬರೆದು ಪಕ್ಕದಲ್ಲೇ ಹೂತಿದ್ದೇನೆ. ಅದನ್ನು ಮಾತ್ರ ತಿನ್ನಬಾರದಾಗಿ ಪ್ರಾರ್ಥನೆ. ನನಗೆ ಬೇರೇನೂ ಬೇಡ, ಮಗಳು ಒಂದು ಮಾತಾಡಿದರೆ ಸಾಕು.

ತಮ್ಮ ವಿಶ್ವಾಸಿ,
ಕೊನೆಗೊಂದು ದಿನ ತಮ್ಮಲ್ಲಿಗೇ ಬರಲಿರುವ ರಫೂಗಾರ

ವಿ.ಸೂ.: ಐದು ವಾರದ ಮೇಲೆ ಇದನ್ನು ಸೇರಿಸುತ್ತಿದ್ದೇನೆ. ನಕ್ಷೆಯನ್ನು ತಿಂದಿದ್ದೀರಿ. ಸುತ್ತಲಿನ ಬಟ್ಟೆಯನ್ನು ಜರಡಿ ಮಾಡಿದ್ದೀರಿ. ನನ್ನ ಹೆಣಿಗೆಯನ್ನು ಮಾತ್ರ ಮೂಸಿಯೂ ನೋಡಿಲ್ಲ. ರಫೂಗೆ ಅದೇ ಬಟ್ಟೆಯ ಎಳೆ ಬಿಡಿಸಿಕೊಳ್ಳುವುದು ಪದ್ಧತಿ; ತಾವು ಕೊಳೆಸಿದ ಎಳೆ ಕೈಯಲ್ಲೇ ತುಂಡಾಗುತ್ತಿತ್ತೆಂದು ಪಾಲಿಯೆಸ್ಟರ್ ದಾರ ಹಾಕಿದ್ದೆ. ಅದು ನಾನು ಸತ್ತು ಮಣ್ಣಾದ ಮೇಲೂ ಮಣ್ಣಾಗುವುದಿಲ್ಲವಂತೆ. ಮಗಳು ಅಂಗಿಯನ್ನು ಹಾಗೇ ಗೋಡೆಗೆ ತೂಗುಹಾಕಿ ಕೆಳಗೆ ಚೀಟಿ ಅಂಟಿಸಿದ್ದಾಳೆ: ‘ತಿಂದವರು: ಎರೆಹುಳುಗಳು ಮತ್ತು ಬಳಗ. ಮಣ್ಣಿಗೂ ಜೀರ್ಣವಾಗದ್ದು: ಅಪ್ಪ.’ “ನೋಡಪ್ಪ, ನೀನೂ ಇದರೊಳಗೆ ಬಂದೆ” ಎಂದಳು. ಹೊಗಳಿದಳೋ ಬೈದಳೋ ಎಂದು ನಾನು ಕೇಳಲು ಹೋಗಲಿಲ್ಲ.