ಬೀಗರನ್ನು ವಿಮಾನ ಹತ್ತಿಸಿದ್ದು

ನಮ್ಮ ಮನೆಯವರು ಊರು ಬಿಟ್ಟು ಹೊರಟರೆ ಏನಾದರೊಂದು ಆಗಿಯೇ ತೀರುತ್ತದೆ. ತಲಕಾಡಿಗೆ ಹೋದರೆ ಬಸ್ಸು ಕೆಡುತ್ತದೆ, ಮೈಸೂರಿಗೆ ಹೋದರೆ ಚಪ್ಪಲಿ ಕಿತ್ತುಹೋಗುತ್ತದೆ. ಹೀಗಿರುವಾಗ ದೆಹಲಿಗೆ, ಅದೂ ವಿಮಾನದಲ್ಲಿ, ಅದೂ ಬೀಗರ ಜೊತೆ ಹೋದರೆ ಏನಾಗಬಹುದೆಂದು ಮೊದಲೇ ಅಂದಾಜು ಮಾಡಬೇಕಿತ್ತು.

ನಂಜನಗೂಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಚಿಕ್ಕಪ್ಪ ಮಗಳನ್ನು ತಿ. ನರಸೀಪುರದ ಕಡೆ ಕೊಟ್ಟಿದ್ದಾರೆ. ಬೀಗರು ಗದ್ದೆ ಮಾಡುವವರು. ಮಾತು ಕಡಿಮೆ, ಆಡಿದರೆ ನಾಟುತ್ತದೆ. ಆಗಷ್ಟೇ ವಿಮಾನದ ಟಿಕೆಟ್ ಅಗ್ಗವಾಗಿತ್ತು. ಎರಡೂ ಮನೆಯವರು ಸೇರಿ ದೆಹಲಿ, ಆಗ್ರಾ ನೋಡಿ ಬರೋಣವೆಂದು ಚಿಕ್ಕಪ್ಪ ಹೊರಡಿಸಿದರು. ಬೀಗರು, "ರೈಲೇ ಸಾಕಾಗಿತ್ತು," ಎಂದರು.

"ನೋಡ್ತಾ ಇರಿ ಬೀಗ್ರೇ. ವಿಮಾನವೇ ಸರಿ ಅಂತ ನಿಮ್ಮ ಬಾಯಲ್ಲೇ ಹೇಳಿಸ್ತೀನಿ," ಎಂದು ಚಿಕ್ಕಪ್ಪ ಎಲ್ಲರ ಎದುರಿಗೇ ಹೇಳಿಬಿಟ್ಟರು. ಅಲ್ಲಿಂದಾಚೆ ಅವರಿಗೆ ತಾಜಮಹಲಿಗಿಂತ ಆ ಒಂದು ಮಾತೇ ಮುಖ್ಯವಾಯಿತು. ತಾಂಡ್ಯದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ನನ್ನನ್ನು, "ಬಿ.ಎಸ್ಸಿ. ಓದಿದ್ದಾಳೆ, ಬೋರ್ಡು ಓದಕ್ಕಾಗ್ತಾಳೆ," ಎಂದು ಜೊತೆಗೆ ಸೇರಿಸಿಕೊಂಡರು.

ವಾರಶೂಲೆ

ಅಗ್ಗದ ಟಿಕೆಟ್ ಸಿಕ್ಕಿದ್ದು ಮಂಗಳವಾರಕ್ಕೆ. ಮಂಗಳವಾರ ಉತ್ತರಕ್ಕೆ ಶೂಲೆ, ಹೊರಡಬಾರದು. ಅದಕ್ಕೂ ಪರಿಹಾರವಿದೆ. ಹಿಂದಿನ ದಿನ ಒಳ್ಳೆಯ ಗಳಿಗೆಯಲ್ಲಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿಟ್ಟು ಪ್ರಸ್ಥಾನ ಮಾಡುವುದು. ಚೀಲ ಹೊರಟರೆ ನಾವೂ ಹೊರಟಂತೆ. ಬರೀ ಬಟ್ಟೆ ಇಟ್ಟರೆ ಸಾಕೆಂದೆ. ಚಿಕ್ಕಪ್ಪ, "ದೇವರಿಗೆ ಗೊತ್ತಾಗಲ್ವಾ? ಮುಖ್ಯವಾದದ್ದೇ ಇರ್ಬೇಕು," ಎಂದು ಎಲ್ಲರ ಟಿಕೆಟ್ಟು, ವೋಟರ್ ಕಾರ್ಡುಗಳನ್ನು ಅದಕ್ಕೇ ತುಂಬಿ ಎದುರುಮನೆಯಲ್ಲಿ ಇಟ್ಟು ಬಂದರು.

ಬೆಳಿಗ್ಗೆ ನೋಡಿದರೆ ಎದುರುಮನೆಗೆ ಬೀಗ. ಅವರು ಮೊದಲನೇ ಬಸ್ಸಿಗೆ ತಲಕಾಡಿಗೆ ಹೋಗಿದ್ದರು. ತೆರೆದ ಕಿಟಕಿಯಿಂದ ಮಂಚದ ಮೇಲೆ ಚೀಲ ಕಾಣುತ್ತಿತ್ತು. ನಾನು ಅವರ ಮೊಬೈಲಿಗೆ ಫೋನ್ ಮಾಡಿದೆ. ಅದು ಚೀಲದ ಪಕ್ಕದಲ್ಲೇ ಬಡಿದುಕೊಂಡಿತು.

ಅಷ್ಟರಲ್ಲಿ ಬೀಗರ ವ್ಯಾನು ಬಂತು. ಬೀಗರು ನೇರ ಚಿಕ್ಕಪ್ಪನ ಹಿತ್ತಲಿಗೆ ಹೋಗಿ ಮಾವಿನಕಾಯಿ ಕೀಳುವ ದೋಟಿ ತಂದು ಕಿಟಕಿಯೊಳಗೆ ತೂರಿಸಿದರು. ಚೀಲ ಹತ್ತಿರ ಬಂತು, ಕಂಬಿಯಲ್ಲಿ ತೂರಲಿಲ್ಲ. ಕೈ ಹಾಕಿ ಅಲ್ಲೇ ಜಿಪ್ ಬಿಚ್ಚಿದರು. ಬೀದಿಯವರೆಲ್ಲ ನೋಡುತ್ತಿದ್ದಂತೆ ಚಿಕ್ಕಪ್ಪನ ಪಂಚೆ, ಬನಿಯನ್ನು, ಪಟಾಪಟಿ ಚಡ್ಡಿ ಒಂದೊಂದಾಗಿ ಆಚೆ ಬಂದವು. ಎಲ್ಲಕ್ಕಿಂತ ಕೊನೆಗೆ ಕಾರ್ಡು, ಟಿಕೆಟ್ಟು.

"ರೈಲಿಗಾದ್ರೆ ಕಾರ್ಡು ಕೇಳಾಕಿಲ್ಲ," ಎಂದರು ಬೀಗರು, ದೋಟಿ ಒರಗಿಸುತ್ತ.

ಶಾಸ್ತ್ರದ ಪ್ರಕಾರ ಎಲ್ಲರಿಗಿಂತ ಮೊದಲು ಹೊರಟಿದ್ದ ಚೀಲವೊಂದೇ ಊರಲ್ಲಿ ಉಳಿಯಿತು.

ಜಮಖಾನ

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಏದುಸಿರು ಬಿಡುತ್ತ ತಲುಪಿದರೆ ವಿಮಾನ ತಡ. ಬೋರ್ಡಿನಲ್ಲಿ ಹೊತ್ತು ಬದಲಾಗುತ್ತಲೇ ಇತ್ತು. ಕೂತರೆ ಬದಲಾಗಿಬಿಟ್ಟೀತೆಂದು ಎದ್ದೆ, ಎದ್ದರೆ ಕುರ್ಚಿ ಹೋದೀತೆಂದು ಕೂತೆ. ಚಿಕ್ಕಪ್ಪ ಕೌಂಟರಿನ ಹುಡುಗಿಯ ಹತ್ತಿರ ಹೋದರು.

"ಯಾಕಮ್ಮ ತಡ?"

"ವಿಮಾನ ಬಂದಿಲ್ಲ ಸರ್."

"ಎಲ್ಲಿದೆ ಈಗ?"

"ದೆಹಲಿಯಿಂದ ಇನ್ನೂ ಹೊರಡ್ಬೇಕು ಸರ್."

ಹಿಂದಿನಿಂದ ಬೀಗರು, "ಅವ್ರೂ ಯಾರ ಮನೇಲೋ ಚೀಲ ಮಡಗವ್ರೆ ಕಣ್ರೀ," ಎಂದರು.

ಚಿಕ್ಕಪ್ಪ ಬೀಗರಿಂದ ದೂರ ಹೋಗಿ ಕೂತರು. ಬೀಗಿತ್ತಿ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಕಂಬದ ಪಕ್ಕ ಜಮಖಾನ ಹಾಸಿ ಪುಳಿಯೋಗರೆಯ ಡಬ್ಬಿ ಬಿಚ್ಚಿದರು. ಹುಣಸೆಹಣ್ಣಿನ ಗೊಜ್ಜಿನ ವಾಸನೆಗೆ ಅಕ್ಕಪಕ್ಕದವರು ಪತ್ರಿಕೆ ಕೆಳಗಿಟ್ಟರು. "ನಿಂತ್ಕಂಡು ತಿನ್ಬಾರ್ದು, ಕೂತ್ಕಳಿ ಸಾ," ಎಂದದ್ದಕ್ಕೆ ಕೋಟು ಟೈ ಹಾಕಿದ್ದ ಒಬ್ಬರು ಬೂಟು ಬಿಚ್ಚಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ಇಲ್ಲಿ ಹಾಸುವ ಹಾಗಿಲ್ಲ ಎನ್ನಲು ಬಂದ ಕೌಂಟರಿನ ಹುಡುಗಿ ಎರಡು ಕೋಡುಬಳೆ ಹಿಡಿದು ವಾಪಸ್ ಹೋದಳು.

ಕಡೆಗೆ ವಿಮಾನದವರೂ ಎಲ್ಲರಿಗೂ ಬ್ರೆಡ್ಡು ಹಂಚಿದರು. ಚಿಕ್ಕಪ್ಪನಿಗೆ ಜೀವ ಬಂತು. "ನೋಡಿದ್ರಾ ಬೀಗ್ರೇ? ಬಿಟ್ಟಿ. ರೈಲಲ್ಲಿ ಕೊಡ್ತಾರಾ?"

ಬೀಗರು ಬ್ರೆಡ್ಡನ್ನು ಬಿಡಿಸಿ ಒಳಗೆ ನೋಡಿದರು. "ಹಸೀ ಸೌತೇಕಾಯಿ ಅದೆ. ರೈಲಲ್ಲಾದ್ರೆ ಕಾಸು ತಕ್ಕಂಡು ಬಿಸಿ ವಡೆ ಕೊಡ್ತಾರೆ," ಎಂದು ಮತ್ತೆ ಮಡಿಸಿ ಚಿಕ್ಕಪ್ಪನ ಕೈಗೇ ಕೊಟ್ಟರು.

ನೀವು ಮೊದಲು

ವಿಮಾನ ಬಂತು. ಎಲ್ಲರೂ ಹತ್ತಿಯಾಯಿತು. ತಿರುಗಿ ನೋಡಿದರೆ ಮೆಟ್ಟಿಲ ಬುಡದಲ್ಲಿ ಚಿಕ್ಕಪ್ಪ, ಬೀಗರು ಇಬ್ಬರೂ ನಿಂತಿದ್ದಾರೆ.

"ಹತ್ತಿ ಬೀಗ್ರೇ."

"ನೀವತ್ತಿ."

"ಹೆಣ್ಣು ಕೊಟ್ಟೋರು ನಾವು. ನಿಮಗಿಂತ ಮುಂದೆ ಹೆಜ್ಜೆ ಇಡೋದುಂಟಾ?"

"ವಯಸ್ನಲ್ಲಿ ದೊಡ್ಡೋರು ನೀವು. ಜನ ಏನಂದಾರು?"

ಮೇಲೆ ಬಾಗಿಲಲ್ಲಿ ಗಗನಸಖಿ ಕೈಮುಗಿದಳು. ಬೀಗರು ಕೆಳಗಿನಿಂದಲೇ ಮುಗಿದರು. "ಆವಮ್ಮ ನಿಮ್ಮನ್ನೇ ಕರೀತಾ ಅವ್ರೆ, ಓಗಿ," ಎಂದರು. ಕೆಳಗಿದ್ದ ಸಿಬ್ಬಂದಿ ಗಡಿಯಾರ ನೋಡಿ, "ಸಾರ್, ಮೆಟ್ಟಿಲು ತೆಗೀಬೇಕು," ಎಂದ. ನಾನೇ ಇಳಿದು ಹೋಗಿ ಇಬ್ಬರ ತೋಳನ್ನೂ ಹಿಡಿದು, "ಒಟ್ಟಿಗೆ," ಎಂದೆ. ಮೆಟ್ಟಿಲು ಅಗಲವಾಗಿತ್ತು. ಇಬ್ಬರೂ ಸಮಸಮನಾಗಿ ಹತ್ತಿದರು.

ಮೇಲೆ ಬಾಗಿಲು ಒಬ್ಬರು ಹೋಗುವಷ್ಟೇ ಇತ್ತು. ಮತ್ತೆ ಶುರುವಾಯಿತು.

ಮಂಜು

ದೆಹಲಿ, ಆಗ್ರಾ ಎರಡೂ ಆಯಿತು. ವಾಪಸ್ ಹೊರಡುವ ದಿನ ಮಂಜು ಕವಿದು ವಿಮಾನ ಮಾರನೆಯ ದಿನಕ್ಕೆ ಹೋಯಿತು. ಚಿಕ್ಕಪ್ಪ ಟ್ರಾಲಿಯ ಮೇಲೆ ಕುಸಿದು ಕೂತರು. "ಮಾನ ಹೋಯ್ತು ಕಣೇ ಮಗಳೇ. ಇನ್ನು ಜೀವ ಇರೋತನಕ ಆಡ್ಕೋತಾರೆ. ರೈಲು ವಿಚಾರಿಸು." ವಿಚಾರಿಸಿದೆ. ರೈಲುಗಳೂ ಮಂಜಿನಲ್ಲೇ ನಿಂತಿದ್ದವು. ನೆಪವೆಂದುಕೊಂಡಾರೆಂದು ಅದನ್ನು ಬೀಗರಿಗೆ ಹೇಳಲು ಚಿಕ್ಕಪ್ಪನಿಗೆ ಧೈರ್ಯ ಬರಲಿಲ್ಲ.

ವಿಮಾನದವರು ನಮ್ಮನ್ನೆಲ್ಲ ಒಂದು ದೊಡ್ಡ ಹೋಟೆಲಿಗೆ ಕರೆದೊಯ್ದು ಇಳಿಸಿದರು. ಬೀಗರು ರೂಮು ಸೇರಿದವರು ಊಟಕ್ಕೆ ಬಿಟ್ಟು ಮತ್ತೆ ಹೊರಗೆ ಬರಲಿಲ್ಲ. ಕೋಪವೆಂದು ಚಿಕ್ಕಪ್ಪ ತೀರ್ಮಾನಿಸಿದರು. ಬೆಳಿಗ್ಗೆ ಕ್ಷಮೆ ಕೇಳಲು ನನ್ನನ್ನೂ ಕರೆದುಕೊಂಡು ಹೋದರು. ಬೀಗಿತ್ತಿ ಬಾಗಿಲು ತೆರೆದು ಬಚ್ಚಲಿನ ಕಡೆ ಕೈ ತೋರಿಸಿದರು.

ಚಿಕ್ಕಪ್ಪ ಬಚ್ಚಲ ಬಾಗಿಲ ಹೊರಗೆ ನಿಂತು, "ಬೀಗ್ರೇ, ತಪ್ಪಾಯ್ತು. ನೀವು ಹೇಳಿದ ಹಾಗೆ…" ಎಂದು ಶುರು ಮಾಡಿದರು.

ಒಳಗಿನಿಂದ ನೀರು ಕದಡುವ ಸದ್ದು. ಆಮೇಲೆ ಬೀಗರ ದನಿ. "ಇವತ್ತೂ ಮಂಜು ಅದಾ?"

"ಇಲ್ಲ ಬೀಗ್ರೇ, ಬಿಸಿಲು ಬಿದ್ದಿದೆ."

"ಥೂ."

ಮತ್ತೆ ನೀರು ಕದಡಿ ದನಿ ಮುಂದುವರಿಯಿತು. "ವಿಮಾನವೇ ಸರಿ ಕಣ್ರೀ ಬೀಗ್ರೇ. ರೈಲು ನಿಂತೋದ್ರೆ ಯಾವನು ಕೇಳ್ತಾನೆ? ಇವ್ರು ನೋಡಿ. ತೊಟ್ಟಿ ತುಂಬ ಬಿಸ್ನೀರು, ಊಟದಲ್ಲಿ ಮೂರು ಥರ ಪಾಯಸ. ನನ್ನ ಅತ್ತೆ ಮನೇಲೂ ಇಂಗೆ ನೋಡ್ಕಂಡಿಲ್ಲ."

ಚಿಕ್ಕಪ್ಪ ಬಚ್ಚಲ ಬಾಗಿಲಿಗೇ ಕೈಮುಗಿದರು.

ಮಾರನೆಯ ವರ್ಷ ಕಾಶಿಗೆ ಹೋಗುವ ಮಾತು ಬಂತು. ಬೀಗರು ತಾವಾಗಿಯೇ ಫೋನ್ ಮಾಡಿದರು. "ವಿಮಾನವೇ ಮಾಡಿ. ತಡ ಆಗೋದು ನೋಡಿ ಮಾಡಿ."

ಚಿಕ್ಕಪ್ಪ ಮೈಸೂರಿನ ಟಿಕೆಟ್ ಏಜೆಂಟನ ಎದುರು ಕೂತು, ಸೀರೆಯ ಬಣ್ಣ ಆರಿಸುವಷ್ಟೇ ಶ್ರದ್ಧೆಯಿಂದ, "ಇವುಗಳಲ್ಲಿ ಗ್ಯಾರಂಟಿಯಾಗಿ ತಡ ಆಗೋದು ಯಾವುದಪ್ಪ?" ಎಂದು ಕೇಳಿದರು.

ಆತ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. "ಯಾವುದಾದ್ರೂ ತಗೊಳ್ಳಿ ಸಾ," ಎಂದ.