ಏಳನೇ ಹಂತದ ಕಾವಲುಗಾರ

"ಹದಿನಾರು ವರ್ಷದಿಂದ ಸೋಯಾ ಸಾಸ್ ಗೋದಾಮು ಕಾಯ್ತಿರೋನು ನಾನು! ಒಂದು ಪೀಪಾಯಿ ಅಲ್ಲಾಡಿಲ್ಲ. ಈ ಟೀವಿ ಆಟದ ಡಬ್ಬಿ ಕಾಯೋದು ಯಾವ ಮಹಾ?" ಎಂದು ತದಾಹರು ಎದೆ ತಟ್ಟಿಕೊಂಡ.

ಮಗಳು ಚಿಗುಸಾಗೆ ನಂಬಿಕೆ ಬರಲಿಲ್ಲ. ಹತ್ತು ವರ್ಷದ ಅವಳು ಎರಡು ದಿನ ಹೆಣಗಿ, ಟೀವಿ ಕಾರ್ಟೂನಿನ ಅಂಚೆಯಣ್ಣ ನೀರುನಾಯಿಯನ್ನು ಸೂರಿನಿಂದ ಸೂರಿಗೆ ಹಾರಿಸುತ್ತ ಏಳನೇ ಹಂತಕ್ಕೆ ತಂದಿದ್ದಳು. ಎಂಟನೆಯದೇ ಕೊನೆ. ನೀರುನಾಯಿಯ ಚೀಲದಲ್ಲಿರುವ ಕೆಂಪು ಕಾಗದ ಯಾರಿಗೆ ಎಂಬುದು ತಿಳಿಯುವುದು ಅಲ್ಲೇ. ಆದರೆ ಡಬ್ಬಿಗೆ ನೆನಪಿನ ಶಕ್ತಿಯಿಲ್ಲ. ಆರಿಸಿದರೆ ಮತ್ತೆ ಮೊದಲಿನಿಂದ. ಡಬ್ಬಿಗೆ ಹಾಕುವ ಆಟದ ಕ್ಯಾಸೆಟ್ಟು ಗೆಳತಿ ರುಮಿಕೊಳದು. ಅವಳು ಹೊಸ ವರ್ಷಕ್ಕೆ ಅಜ್ಜಿ ಮನೆಗೆ ಹೊರಟಿದ್ದಾಳೆ, ಸಂಜೆ ಆರಕ್ಕೆ ಮರಳಿಸಬೇಕು. ನಡುವೆ ಮಧ್ಯಾಹ್ನ ಈ ಅಬಾಕಸ್ ಮಣಿಲೆಕ್ಕದ ಪರೀಕ್ಷೆ ಬೇರೆ!

"ಅಪ್ಪಾ, ಅಮ್ಮ ಇವತ್ತು ವರ್ಷದ ಕೊನೆ ಕ್ಲೀನಿಂಗ್ ಮಾಡ್ತಾಳೆ. ಹೋದ ವಾರ ಅವಳ ವ್ಯಾಕ್ಯೂಮ್ ಕ್ಲೀನರ್ ತಾಗೇ ನನ್ನ ನಾಲ್ಕನೇ ಹಂತ ಹೋಗಿದ್ದು."

"ನನ್ನ ಹೆಣದ ಮೇಲೆ ಹಾದು ಬರ್ಬೇಕು ಆ ಯಂತ್ರ!"

ಚಿಗುಸಾ ಆಟವನ್ನು ನಡುವೆಯೇ ತಡೆದು, ಡಬ್ಬಿ ಆರಿಸದೆ ಪರೀಕ್ಷೆಗೆ ಹೊರಟಳು. ತೆರೆಯ ಮೇಲೆ ನೀರುನಾಯಿ ಎರಡು ಸೂರುಗಳ ನಡುವೆ, ನೆಗೆದ ಕಾಲು ನೆಗೆದಂತೆಯೇ, ಆಕಾಶದಲ್ಲಿ ನಿಂತಿತ್ತು.

ತದಾಹರು ಹುಲ್ಲುಚಾಪೆಯ ಮೇಲೆ, ಡಬ್ಬಿಯ ಮುಂದೆ, ಮಂಡಿಯೂರಿ ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ ಕುಳಿತ. ಕಾವಲು ಅಂದ ಮೇಲೆ ಅದಕ್ಕೊಂದು ಘನತೆ ಬೇಡವೆ?

ಹೆಂಡತಿ ಕಿನುಯೊ ತಲೆಗೆ ಬಟ್ಟೆ ಕಟ್ಟಿ, ಯಂತ್ರ ಎಳೆದುಕೊಂಡು ಬಾಗಿಲಿಗೆ ಬಂದಳು.

"ಇದೇನ್ರೀ, ಯಾರ ತಿಥಿ? ಹೀಗೆ ಕೂತಿದೀರ?"

"ಅಲ್ಲೇ ನಿಲ್ಲು! ಈ ಚಾಪೆ ದಾಟ್ಬೇಡ."

"ಕಾಲು ಚಾಚ್ಕೊಂಡಾದ್ರೂ ಕೂತ್ಕೊಳ್ಳಿ."

"ಗೋದಾಮಿನ ಕಾವಲು ಅಂದ್ರೆ ಏನಂದ್ಕೊಂಡಿದೀಯ?"

"ಗೋದಾಮಲ್ಲಿ ನಿಮಗೆ ಕುರ್ಚಿ ಕೊಟ್ಟಿದಾರಲ್ಲ!"

ಅವನು ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿದ; ಅವಳು ಯಂತ್ರವನ್ನು ಬಾಗಿಲಲ್ಲೇ ಬಿಟ್ಟು ಹೋದಳು. ತುಸು ಹೊತ್ತಿಗೆ ಅಡುಗೆಮನೆಯಿಂದ ಅವಳ ಕೂಗು: "ರೈಸ್ ಕುಕ್ಕರ್ ಹಾಕ್ಲಾ?"

ತದಾಹರು ಲೆಕ್ಕ ಹಾಕಿದ. ಕುಕ್ಕರ್, ಟೀವಿ, ಕಾಲು ಕಾಯಿಸುವ ಮೇಜು, ಮೂರೂ ಒಟ್ಟಿಗೆ ಉರಿದರೆ ಈ ಮನೆಯ ಕರೆಂಟು ಹಾರುವುದು ಖಂಡಿತ. ಕುಳಿತಲ್ಲಿಂದಲೇ ಕೈ ಚಾಚಿ ಮೇಜಿನ ಪ್ಲಗ್ಗು ಕಿತ್ತ. "ಹಾಕು! ತ್ಯಾಗ ಮಾಡಿದೀನಿ!"

ಡಿಸೆಂಬರಿನ ಚಳಿ ಚಾಪೆಯಿಂದ ಮೇಲೇರಿತು. ಬೆಕ್ಕು ಬಂತು, ಕಣ್ಣಲ್ಲೇ ಓಡಿಸಿದ. ಪಕ್ಕದ ಮನೆಯಾಕೆ ಕೇರಿಯವರೆಲ್ಲ ಸರದಿಯಲ್ಲಿ ಓದುವ ಸುತ್ತೋಲೆ ತಂದಳು. ಕುಳಿತಲ್ಲೇ ಬಗ್ಗಿ ನಮಸ್ಕರಿಸಿದ. ಒಂದು ಗಂಟೆ ಕಳೆಯಿತು. ಎರಡಾಯಿತು. ಕಾಲುಗಳು ಮೊದಲು ನೊಂದವು, ಆಮೇಲೆ ನೋವು ಬಿಟ್ಟವು. ಅಭ್ಯಾಸವಾಯಿತು ಎಂದುಕೊಂಡು ಅವನು ಹಿಗ್ಗಿದ.

ಮೂರೂ ಕಾಲಿಗೆ ಬಾಗಿಲು ಸರಿಯಿತು. "ಅಪ್ಪಾ, ಇದೆಯಾ?"

ನೀರುನಾಯಿ ಇನ್ನೂ ಆಕಾಶದಲ್ಲೇ ಇತ್ತು. ತದಾಹರುವಿಗೆ ತನ್ನ ಬಾಳಿನ ಅತಿ ದೊಡ್ಡ ಗಳಿಗೆ ಇದೇ ಅನಿಸಿತು. "ತಗೋ ಮಗಳೇ! ನಿನ್ನ ಏಳನೇ ಹಂತ!" ಎಂದು ಗಂಭೀರವಾಗಿ ಎದ್ದು ನಿಂತ.

ನಿಂತದ್ದು ಅವನ ಮೇಲರ್ಧ ಮಾತ್ರ. ಜೋಮು ಹಿಡಿದ ಕಾಲುಗಳು ಆ ಸುದ್ದಿಯನ್ನೇ ಕೇಳಿರಲಿಲ್ಲ. ಕಡಿದ ಮರದಂತೆ ಅವನು ನೇರ ಡಬ್ಬಿಯ ಮೇಲೆಯೇ ಉರುಳಿದ.

ತೆರೆಯ ತುಂಬ ಬಣ್ಣದ ಗೆರೆಗಳೆದ್ದವು. ಆಮೇಲೆ ಏನೂ ಇಲ್ಲ.

ಚಿಗುಸಾ ಅಳಲಿಲ್ಲ. ಅಪ್ಪನನ್ನು ಪಕ್ಕಕ್ಕೆ ಹೊರಳಿಸಿ, ಕ್ಯಾಸೆಟ್ಟು ತೆಗೆದು, ಊದಿ, ಮತ್ತೆ ಹಾಕಿದಳು. ನೀರುನಾಯಿ ಮೊದಲ ಸೂರಿನ ಮೇಲೆ ಬಂದು ನಿಂತಿತು. ಅವಳು ಗಡಿಯಾರ ನೋಡಿದಳು. "ದಾರಿ ಗೊತ್ತಾಗಿದೆ. ಓಡಿದ್ರೆ ಆಗುತ್ತೆ."

"ಈ ಸಲ ಹುಷಾರಾಗಿ ಕಾಯ್ತೀನಿ..." ನೆಲದಿಂದ ದನಿ ಬಂತು.

"ನೀನು ಅಡುಗೆಮನೆಗೆ ಹೋಗಪ್ಪಾ. ಅಮ್ಮಾ, ನೀನು ಇಲ್ಲಿ ಕೂತ್ಕೋ."

"ಮತ್ತೆ ಆ ಯಂತ್ರ?" ಎಂದ ತದಾಹರು.

"ಅದು ಇರ್ಲಿ. ಅದಕ್ಕೆ ಜೋಮು ಹಿಡಿಯಲ್ಲ."

ತದಾಹರು ತೆವಳಿಕೊಂಡು ಹೋಗಿ ಮೂಲಂಗಿ ಹೆಚ್ಚಿದ. ಆರಕ್ಕೆ ಹತ್ತು ನಿಮಿಷವಿದ್ದಾಗ ಕೋಣೆಯಿಂದ ಇಬ್ಬರ ಚೀರಾಟ ಕೇಳಿತು. ಚಾಕು ಹಿಡಿದೇ ಕುಂಟುತ್ತ ಬಂದ. ಟೀವಿ ಆರಿತ್ತು. ಚಿಗುಸಾ ಆಗಲೇ ಕೋಟು ತೊಟ್ಟಿದ್ದಳು, ಕ್ಯಾಸೆಟ್ಟು ಜೇಬಿನಲ್ಲಿತ್ತು.

"ಯಾರಿಗಿತ್ತು ಕಾಗದ?"

"ಅಮ್ಮನ್ನ ಕೇಳು, ಅವಳೂ ನೋಡಿದ್ಲು," ಎಂದು ಅವಳು ಬೀದಿಗೆ ಓಡಿದಳು.

ಅವನು ಹೆಂಡತಿಯತ್ತ ತಿರುಗಿದ. ಕಿನುಯೊ ಮಧ್ಯಾಹ್ನದಿಂದ ಬಾಕಿಯಿದ್ದ ಚಾಪೆಯನ್ನು ನೋಡಿ, ಯಂತ್ರದ ಗುಂಡಿ ಒತ್ತಿದಳು. ಅವಳೇನೋ ಹೇಳಿದಳು. ಆ ಗುರ್ರ್ ಸದ್ದಿನಲ್ಲಿ ತುಟಿ ಅಲುಗಿದ್ದಷ್ಟೇ ಅವನಿಗೆ ಕಂಡಿತು.