ಅಡಿವೆಪ್ಪನ ಕಷಾಯ ದಿಗ್ವಿಜಯ

ಮುಖಮಂಡಲದ ಮಧ್ಯಪೀಠದಲ್ಲಿ ವಿರಾಜಿಸುವವಳೇ, ದ್ವಾರದ್ವಯಶೋಭಿತೆಯೇ, ಕನ್ನಡಕಭಾರಧಾರಿಣಿಯೇ, ಶ್ವಾಸೋಚ್ಛ್ವಾಸರಾಜಮಾರ್ಗಸ್ವರೂಪಿಣಿಯೇ, ಎಲೈ ನಾಸಿಕಾದೇವಿಯೇ, ಮೊದಲ ವಂದನೆ ನಿನಗೆ. ಅನ್ಯರ ಮನೆಯ ವ್ಯವಹಾರದಲ್ಲಿ ನಿನ್ನನ್ನು ತೂರಿಸುವ ಚಟ ನನಗಿಲ್ಲದಿದ್ದರೆ ಈ ಕಥೆ ಸಿಗುತ್ತಲೇ ಇರಲಿಲ್ಲ. ಹೇಳಿ ಮುಗಿಸುವವರೆಗೆ ಸೋರದೆ, ಕಟ್ಟದೆ, ತೆರೆದಿರು ತಾಯಿ.

ಯುಗವಾದರೂ ಎಂಥದು! ಕೃತಯುಗದಲ್ಲಿ ತಪಸ್ಸು ಮಾಡುತ್ತಿದ್ದರಂತೆ, ತ್ರೇತೆಯಲ್ಲಿ ಯಜ್ಞ, ದ್ವಾಪರದಲ್ಲಿ ಪೂಜೆ. ನಮ್ಮ ಪಾಲಿಗೆ ಬಂದಿರುವ ಕಲಿಯುಗದಲ್ಲಿ ಫಾರ್ವರ್ಡ್ ಮಾಡುತ್ತಾರೆ. ಬೆಳಗಾಗುವ ಮೊದಲೇ ಕರತಲದಲ್ಲಿ ಬೆಳಗುವ ಆ ಚತುಷ್ಕೋಣ ದರ್ಪಣದಲ್ಲಿ ಗುಲಾಬಿ ಹೂವಿನ ಶುಭೋದಯದ ಬೆನ್ನಿಗೇ ವೈದ್ಯಶಾಸ್ತ್ರವು ಮಳೆಗರೆಯುತ್ತದೆ. ರೋಗನಿರೋಧಕ ಶಕ್ತಿಯೆಂಬ ಕಣ್ಣಿಗೆ ಕಾಣದ ಕೋಟೆಯನ್ನು ಕಟ್ಟುವುದು ಹೇಗೆ, ಅದಕ್ಕೆ ಕಲ್ಲು ಯಾವುದು, ಸುಣ್ಣ ಯಾವುದು ಎಂಬುದನ್ನು, ಸ್ವಂತ ಮನೆಯ ಸೋರುವ ಮಾಳಿಗೆಗೆ ಮೂರು ವರ್ಷದಿಂದ ಗಾರೆ ಹಚ್ಚದವರೂ ನಿಸ್ಸಂಕೋಚವಾಗಿ ಉಪದೇಶಿಸುತ್ತಾರೆ.

ಅಂಥ ಯುಗದ ಒಂದು ಹೇಮಂತದ ಹೊಸ್ತಿಲಲ್ಲಿ, ಧಾರವಾಡದ ಒಂದು ಓಣಿಯಲ್ಲಿ, ಬೆಳಗಿನ ಕುಳಿರ್ಗಾಳಿಗೆ ನಾಯಿಗಳೂ ಮುದುಡಿ ಮಲಗಿರುವ ಹೊತ್ತಿನಲ್ಲಿ, ಮಂಕಿಕ್ಯಾಪಕಿರೀಟಧಾರಿಯೂ, ಮಫ್ಲರವೇಷ್ಟಿತಕಂಠನೂ, ದ್ವಿಸ್ವೆಟರಕವಚಸನ್ನದ್ಧನೂ, ಶುಂಠೀಮರೀಚಲವಂಗಚೂರ್ಣಧೂಸರಿತಕರಾಂಗುಲಿಯೂ ಆದ ವೀರನೊಬ್ಬನು ಉದಯಿಸಿದನು. ಅವನೇ ನಿವೃತ್ತ ಸರ್ವೆಯರ್ ಅಡಿವೆಪ್ಪ ಕರಿಗಾರ. ಮೂವತ್ತನಾಲ್ಕು ವರ್ಷ ಜಿಲ್ಲೆಯ ಹೊಲಹೊಲಗಳಲ್ಲಿ ಸರಪಳಿ ಎಳೆದು, ಒತ್ತುವರಿ ಮಾಡಿದವರನ್ನೆಲ್ಲ ಗಡಿಗಲ್ಲಿನಾಚೆ ದೂಡಿದ ಈ ಧರ್ಮಿಷ್ಠನು, ನಿವೃತ್ತನಾದ ಎರಡನೆಯ ವರ್ಷ, ದೀಪಾವಳಿ ಮುಗಿದ ಮೂರನೆಯ ದಿನ, ತನ್ನ ಧರ್ಮಪತ್ನಿ ನೀಲವ್ವನ ಅಡುಗೆಮನೆಯನ್ನು ಪ್ರವೇಶಿಸಿ, ಎರಡೇ ಬರ್ನರಿನ ಗ್ಯಾಸ್ ಒಲೆಯಲ್ಲಿ ಎಡಗಡೆಯದನ್ನು ಒತ್ತುವರಿ ಮಾಡಿದನು.

ಕಾರಣ ಕಷಾಯ. ಫೋನಿನೊಳಗಿನ ಗಡ್ಡದ ಗುರುವೊಬ್ಬನು ಹೇಳಿದ್ದನು: ಶುಂಠಿ, ಮೆಣಸು, ಹಿಪ್ಪಲಿ, ಅಮೃತಬಳ್ಳಿ, ತುಳಸಿ, ಅರಿಸಿನ, ಇವುಗಳನ್ನು ಎಂಟು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಬೇಕು. ಕುದಿಯುವುದಕ್ಕೆ ಎರಡು ತಾಸು. ಬೆಳಗಿನದು ಮುಗಿದರೆ ಮಧ್ಯಾಹ್ನದ್ದು, ಅದು ಇಳಿದರೆ ಸಂಜೆಯದು. ಎಡಗಡೆಯ ಒಲೆ ಖಾಲಿಯಾಗುವ ಮುಹೂರ್ತವೇ ಇಲ್ಲವಾಯಿತು.

ಇತ್ತ ಬಲಗಡೆಯ ಒಂಟಿ ಒಲೆಯ ಮೇಲೆ ನೀಲವ್ವ ಮೊದಲು ಬೇಳೆ ಬೇಯಿಸಿ, ಇಳಿಸಿ, ಪಲ್ಯ ಮಾಡಿ, ಇಳಿಸಿ, ಹಂಚಿಟ್ಟು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಿಸಿಯಾಗಿದ್ದರೆ ಪಲ್ಯ ತಣ್ಣಗಿರುತ್ತಿತ್ತು. ಅದನ್ನು ಬಿಸಿ ಮಾಡಿದರೆ ರೊಟ್ಟಿ ಸೆಟೆಯುತ್ತಿತ್ತು. ಹಾಗೂ ಹೀಗೂ ಗಂಡನಿಗೆ ಎರಡನ್ನೂ ಬಿಸಿಯಾಗಿ ಹೊಂದಿಸಿ ಬಡಿಸಿ, ಕೊನೆಗೆ ಕೂತು ಅವಳು ಉಣ್ಣುವಾಗ ಎರಡೂ ತಣ್ಣಗಿರುತ್ತಿದ್ದವು. ಊಟದ ನಡುವೆ ಆ ಮಹಾನುಭಾವನು ತಲೆಯೆತ್ತಿ, "ಪಲ್ಯಾ ಇನ್ನೊಂಚೂರು ಬಿಸಿ ಇರಬೇಕಿತ್ತು" ಎನ್ನುತ್ತಿದ್ದನು. ಅಂಥವನನ್ನು ನಾನು ವೀರನೆಂದು ಕರೆಯಬೇಕಾಗಿ ಬಂದಿದೆ. ವೀರಗಾಥೆಯ ಕಟ್ಟುಪಾಡೇ ಹಾಗೆ.

ಒಂದು ವಾರ ಸಹಿಸಿದ ನೀಲವ್ವ ಎಂಟನೆಯ ದಿನ ಕೈಯ ಹಿಟ್ಟು ಕೊಡವಿ ಕೇಳಿದಳು.

"ಏನ್ರೀ, ಆ ಒಲಿ ಬಿಡ್ತೀರೋ ಇಲ್ಲೋ? ಒಂದ ಒಲಿ ಮ್ಯಾಲ ನಾ ರೊಟ್ಟಿ ಬೇಯಸ್ಲೋ, ಪಲ್ಯಾ ಮಾಡ್ಲೋ?"

ಆಗ ಅಡಿವೆಪ್ಪನು ಸೌಟನ್ನು ಗದೆಯಂತೆ ಹೆಗಲಿಗೇರಿಸಿ, ಗಂಭೀರಧ್ವನಿಯಿಂದ ಈ ಪರಿಯಾಗಿ ಗರ್ಜಿಸಿದನೆಂದು ಕವಿಗಳು ಬರೆಯಬೇಕು: "ಎಲೆಗೆ ಭಾಮಿನಿ! ಶೀತಸೇನಾಸಹಸ್ರಗಳು ದಂಡೆತ್ತಿ ಬರುತ್ತಿರುವ ಈ ಘೋರಸಮಯದಲ್ಲಿ, ನನ್ನ ದೇಹವೆಂಬ ದುರ್ಗಕ್ಕೆ ಈ ಒಲೆಯೇ ಆಯುಧಾಗಾರ. ಇದನ್ನು ಬಿಡುವೆನೇ?" ಧಾರವಾಡದಲ್ಲಿ ಅವನು ಹೇಳಿದ್ದು ಇಷ್ಟು.

"ಬಿಡಂಗಿಲ್ಲ. ಈ ಚಳಿಗಾಲದಾಗ ನನಗ ನೆಗಡಿ ಬಂದ್ರ ಕೇಳು."

"ಬಂದ್ರ?"

"ಬರಂಗಿಲ್ಲ."

"ಬಂದ್ರ ಏನ್ ಮಾಡ್ತೀರಿ ಅಂತ ಕೇಳಾಕತ್ತೀನಿ."

"ಒಂದ ಒಂದು ಸೀನು ಸೀನಿದ್ರೂ ಒಲಿ ನಿಂದು. ಸಂಕ್ರಾಂತಿ ಎಳ್ಳು ಕೊಟ್ಟು ತೊಗೊಳ್ಳೋ ತನಕಾ ಸೀನಲಿಲ್ಲಂದ್ರ, ಅದು ಕಾಯಂ ಕಷಾಯಕ್ಕ. ಆಮ್ಯಾಲ ನೀ ಬಾಯಿ ತಗೀಬಾರದು. ನಿನ್ನಾಣಿ."

"ನನ್ನಾಣಿ ಬ್ಯಾಡ್ರಿ. ಆ ಕಷಾಯದ ಆಣಿ ಮಾಡ್ರಿ, ಅದಕ್ಕರ ಮರ್ಯಾದಿ ಕೊಡ್ತೀರಿ."

ಅಡಿವೆಪ್ಪನು ಕುದಿಯುವ ತಪೇಲಿಯ ಮೇಲೆ ಕೈಚಾಚಿ ಆಣೆಯಿಟ್ಟನು. ಹಬೆ ತಾಗಿ ಕೈ ಸುಟ್ಟಿತು. ಪ್ರತಿಜ್ಞೆಯ ಗಾಂಭೀರ್ಯಕ್ಕೆ ಕುಂದು ಬಾರದಂತೆ ಹಿತ್ತಲಿಗೆ ಹೋಗಿ ಊದಿಕೊಂಡನು.

ಹೀಗೆ ಒಂದು ಒಲೆಯ ಭವಿಷ್ಯವು ಒಂದು ಮೂಗಿನ ಮೇಲೆ ನಿಂತಿತು. ಮೂರು ಲೋಟ ಕಷಾಯಕ್ಕೆ ನಿಂತಿದ್ದರೆ ವೀರನು ಗೆದ್ದರೂ ಗೆಲ್ಲುತ್ತಿದ್ದನೇನೋ. ಆದರೆ ವೀರನಿಗೆ ಎದುರಾಳಿ ಬೇಡವೇ? ಎದುರಾಳಿ ಪಕ್ಕದ ಮನೆಯಲ್ಲೇ ಇದ್ದನು. ಕೃಶಕಾಯನೂ, ಶ್ವೇತಶ್ಮಶ್ರುವೂ, ನಾಲ್ವತ್ತು ವರ್ಷ ಮಕ್ಕಳಿಗೆ ಹಿಂದಿ ಕಲಿಸಿ ಯಾರ ಮಾತನ್ನೂ ಕೇಳುವ ಶಕ್ತಿ ಕಳೆದುಕೊಂಡವನೂ ಆದ ಗೋಪಾಳರಾವ್ ಇನಾಮದಾರನು ಕಂಪೌಂಡಿನ ಆಚೆಯಿಂದ ಬನಿಯನ್ನಿನಲ್ಲೇ ಇಣುಕಿ, ಹೀಗೆ ಸವಾಲೆಸೆದನು.

"ಅಡಿವೆಪ್ಪನವರ, ಕಷಾಯ ಅಂದ್ರ ಅಂಜುಬುರುಕರ ಔಷಧ ಅದ. ನನ್ನ ನೋಡ್ರಿ. ಬೆಳಿಗ್ಗೆ ಐದಕ್ಕ ಹಿತ್ತಲದಾಗ ನಿಂತು ಹನ್ನೆರಡು ಕೊಡ ತಣ್ಣೀರು ತಲೀ ಮ್ಯಾಲೆ ಸುರಕೋತೀನಿ. ನೆಗಡಿ ನಮ್ಮನಿ ಗೇಟ್ ಸುದ್ದಾ ದಾಟೂದಿಲ್ಲ."

"ಹನ್ನೆರಡು ಕೊಡ ಯಾಕ ರಾಯರ, ಕೆರಿಯಾಗ ಬಿದ್ದುಬಿಡ್ರಿ," ಎಂದನು ಅಡಿವೆಪ್ಪ. "ನನ್ನ ಕಷಾಯ ಒಂದ ಗುಟುಕು ಕುಡದ್ ನೋಡ್ರಿ. ಕಿವಿಯಾಗಿಂದ ಹೊಗಿ ಬರತೈತಿ."

"ಹೊಗಿ ಬಂದ್ರ ಒಳಗ ಏನೋ ಸುಟ್ಟದ ಅಂತ ಅರ್ಥ."

ಬಾಯಲ್ಲಿ ನಕ್ಕರೂ ಆ ಮಾತು ಅಡಿವೆಪ್ಪನ ಎದೆಗೆ ನಾಟಿತು. ಮನಸ್ಸಿನ ಕಣ್ಣಿಗೆ ಹನ್ನೆರಡು ಕೊಡಗಳು ಸಾಲಾಗಿ ಕಂಡವು. ಬರಿಯ ನೀರು ಹೊಯ್ದುಕೊಳ್ಳುವ ಹಿಂದಿ ಮಾಸ್ತರನು ಸಂಕ್ರಾಂತಿಯ ದಿನ ನೆಟ್ಟಗೆ ಉಸಿರಾಡುತ್ತ ನಿಂತು, ತಾನು ಮೂಗೊರೆಸಿಕೊಳ್ಳುವುದನ್ನು ನೋಡುವ ದೃಶ್ಯವನ್ನು ನೆನೆದು ಅವನಿಗೆ ಉಂಡ ಅನ್ನ ಅರಗದಂತಾಯಿತು. ಮರುದಿನದಿಂದ ಹನ್ನೆರಡು ಕಾಳು ಮೆಣಸು ನಾಲ್ವತ್ತಾಯಿತು. ಬೆರಳುದ್ದದ ಶುಂಠಿ ಅಂಗೈಯಗಲವಾಯಿತು. ಮೂರು ಲೋಟ ಏಳಾಯಿತು. ಗಡ್ಡದ ಗುರುವೇ ಎದುರು ಬಂದಿದ್ದರೂ ಆ ಕಪ್ಪು ದ್ರವವನ್ನು ಕಂಡು ಬೇಡಪ್ಪ ಎಂದು ಓಡುತ್ತಿದ್ದನು.

ಇನ್ನು ಯುದ್ಧದ ಮಾತು. ನೆಗಡಿಯ ಸೈನ್ಯವು ಮೂಡಣ ದಿಕ್ಕಿನಿಂದ ಬರುವುದೆಂದು ಕಾದು ಕೂತಿದ್ದ ವೀರನ ಕೋಟೆಯೊಳಗೆ, ಅವನದೇ ಕೈಯಿಂದ, ಉಷ್ಣವೆಂಬ ಬೇರೊಬ್ಬ ರಾಜನು ಪಟ್ಟಕ್ಕೇರಿದನು. ಮಾರ್ಗಶಿರ ಮುಗಿಯುವಷ್ಟರಲ್ಲಿ ಬಾಯ್ತುಂಬ ಹುಣ್ಣು. ಕಣ್ಣು ಕೆಂಡ. ಬಚ್ಚಲಿಗೆ ಹೋದರೆ ಉರಿ. ಸಿಂಹಗರ್ಜನೆ ಮಾಡಿದ ಬಾಯಿಗೆ ಕೆಂಪು ಚಟ್ನಿ ಹಚ್ಚಿದ ರೊಟ್ಟಿ ಸೋಕಿದರೆ ಕಣ್ಣಲ್ಲಿ ಧಾರಾಕಾರ ನೀರು. "ಯಾಕ್ರೀ, ಖಾರ ಆತೇನು?" ಎಂದು ನೀಲವ್ವ ಕೇಳಿದರೆ, "ನೀ ಅಡಗಿ ಮಾಡೂದು ಕಲ್ತಿಲ್ಲ" ಎಂದು ಅವಳ ಮೇಲೆಯೇ ತಿರುಗಿಬೀಳುತ್ತಿದ್ದನು. ಕುಣಿಯಲಾರದವನು ನೆಲ ಡೊಂಕೆಂದ ಹಾಗೆ.

ಇಲ್ಲಿ ಕಷಾಯ ನಿಲ್ಲಿಸಿದ್ದರೆ ಕಥೆಯೂ ನಿಲ್ಲುತ್ತಿತ್ತು. ಬುದ್ಧಿಯುಳ್ಳವನಾದರೆ ನಿಲ್ಲಿಸುತ್ತಿದ್ದನು. ಆದರೆ ಆಣೆ ಇಟ್ಟಾಗಿದೆ, ಪಕ್ಕದ ಮನೆಯಲ್ಲಿ ಹನ್ನೆರಡು ಕೊಡಗಳಿವೆ. ನಮ್ಮ ವೀರನು ಅಜ್ಜಿಯ ಕಾಲದ ಜ್ಞಾನವನ್ನು ನೆನೆದನು: ಉಷ್ಣಕ್ಕೆ ತಂಪು ಮದ್ದು. ಸರಿ, ಬಜಾರಕ್ಕೆ ಹೋಗುವ ನೆವದಲ್ಲಿ ಮೂಲೆಯಂಗಡಿಯಲ್ಲಿ ಗುಟ್ಟಾಗಿ ಎರಡು ಎಳನೀರು. ಮನೆಗೆ ಬಂದು ಫ್ರಿಜ್ಜಿನ ಹಿಂದೆ ನಿಂತು ಒಂದು ಚೊಂಬು ಮಜ್ಜಿಗೆ. ಮಧ್ಯಾಹ್ನ ನೀಲವ್ವ ಮಲಗಿದ ಹೊತ್ತಿಗೆ ನೆತ್ತಿಗೆ ಅಂಗೈತುಂಬ ಹರಳೆಣ್ಣೆ, ಅದು ಕಾಣದಂತೆ ಮೇಲೆ ಮಂಕಿಕ್ಯಾಪು. ಆಮೇಲೆ ಬಂದು, ಏನೂ ಆಗದವನಂತೆ, ಏಳು ಲೋಟ ಕಷಾಯ. ಒಂದು ಕೈಯಲ್ಲಿ ಬೆಂಕಿ ಹಚ್ಚಿ ಇನ್ನೊಂದು ಕೈಯಲ್ಲಿ ನೀರು ಸುರಿಯುವವನನ್ನು ಶಾಸ್ತ್ರಗಳು ಏನೆಂದು ಕರೆಯುತ್ತವೋ ತಿಳಿಯದು, ನಮ್ಮ ಕಡೆ ಹುಚ್ಚಪ್ಪ ಎನ್ನುತ್ತಾರೆ.

ಪುಷ್ಯಮಾಸದ ಚಳಿ, ಎಳನೀರು, ಮಜ್ಜಿಗೆ, ಹರಳೆಣ್ಣೆ, ಈ ಚತುರಂಗಬಲವನ್ನು ಕಟ್ಟಿಕೊಂಡು, ಸಂಕ್ರಾಂತಿಯ ಬೆಳಿಗ್ಗೆ ಕ್ಷುತಾಸುರನು, ಎಂದರೆ ಸೀನೆಂಬ ರಾಕ್ಷಸನು, ನಾಸಿಕಾದುರ್ಗದ ಬಾಗಿಲಿಗೆ ಬಂದು ನಿಂತನು.

ಮೊದಲು ಎಡಹೊಳ್ಳೆಯಲ್ಲಿ ಸಣ್ಣ ಕಚಗುಳಿ. ಅಡಿವೆಪ್ಪನು ಸ್ನಾನದ ನಡುವೆ ಮೂಗು ಹಿಸುಕಿ ಅದನ್ನು ಅಡಗಿಸಿದನು. ಪೂಜೆಯ ಹೊತ್ತಿಗೆ ಊದಿನಕಡ್ಡಿಯ ಹೊಗೆಯನ್ನೇರಿ ಶತ್ರು ಮತ್ತೆ ಬಂದನು. ವೀರನು ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಒತ್ತಿ, ಕಣ್ಣು ಮೇಲೆ ಮಾಡಿ, ಗಂಟೆ ಬಾರಿಸುವುದನ್ನೂ ಮರೆತು ನಿಂತನು. ನೋಡಿದವರು ಸಮಾಧಿ ಹತ್ತಿತೆಂದುಕೊಳ್ಳಬೇಕು. ನೀಲವ್ವ ಹಾಗೇನೂ ಅಂದುಕೊಳ್ಳಲಿಲ್ಲ, ಬಾಗಿಲಲ್ಲಿ ನಿಂತು ಅವನ ಮೂಗನ್ನೇ ನೋಡಿದಳು. ಮಧ್ಯಾಹ್ನದ ಊಟದಲ್ಲಿ ಅವನು ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದರೆ ಬಾಗಿಲು ತೆರೆದಂತೆ. ಊಟವಾದ ಮೇಲೆ ಕುರ್ಚಿಯಲ್ಲಿ ತುಟಿ ಬಿಗಿದು, ಕೈಕಟ್ಟಿ, ಗಡಿಯಾರ ನೋಡುತ್ತ ಕೂತನು. ಎದೆಯಲ್ಲಿ ನಿಜವಾದ ಭಯವಿತ್ತು. ಸಂಜೆ ಎಳ್ಳು ಕೊಟ್ಟು ತೆಗೆದುಕೊಂಡುಬಿಟ್ಟರೆ ಒಲೆ ಅವನದು, ಮಾತು ಅವನದು, ಸಾಯುವತನಕ ಹೇಳಿಕೊಳ್ಳಲು ಒಂದು ಗೆಲುವೂ ಅವನದು. ಹೊಲಗಳನ್ನು ಅಳೆಯುವುದು ಬಿಟ್ಟ ಮೇಲೆ ಅವನಿಗೆ ಹಾಗೆ ಹೇಳಿಕೊಳ್ಳಲು ಬೇರೇನೂ ಸಿಕ್ಕಿರಲಿಲ್ಲ, ಪಾಪ. ಪಾಪವೆಂದು ಒಂದು ಸಲ ಅಂದೆ, ಮತ್ತೆ ಅನ್ನುವುದಿಲ್ಲ.

ಐದೂವರೆಗೆ ಗೋಪಾಳರಾಯನು ಜರಿಯಂಚಿನ ಧೋತರ ಉಟ್ಟು, ಅಂಗೈಯಲ್ಲಿ ಬೆಳ್ಳಿಬಟ್ಟಲು ಹಿಡಿದು ಬಂದನು. ಬಟ್ಟಲಲ್ಲಿ ಮಲ್ಲಿಗೆ ಮೊಗ್ಗಿನಷ್ಟು ಬಿಳಿಯ ಕುಸುರೆಳ್ಳು. ಆ ಓಣಿಯ ಪದ್ಧತಿ ಹೇಗೆಂದರೆ, ಕೊಟ್ಟ ಎಳ್ಳನ್ನು ಸುಮ್ಮನೆ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಕೊಟ್ಟವನ ಮುಖ ನೋಡಿ, ಬಾಯಿಬಿಟ್ಟು, "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ" ಎನ್ನಬೇಕು. ಅನ್ನದೆ ತೆಗೆದುಕೊಂಡರೆ ಆ ಎರಡು ಮನೆಗಳ ನಡುವೆ ವರ್ಷವಿಡೀ ಜಗಳವೆಂದು ನಂಬಿಕೆ.

ನೀಲವ್ವ ಸೆರಗಿನಲ್ಲಿ ಕೈಯೊರೆಸಿಕೊಳ್ಳುತ್ತ ಬಂದು ಗಂಡನ ಹಿಂದೆ ನಿಂತಳು.

"ತೊಗೋರಿ ಅಡಿವೆಪ್ಪನವರ," ಎಂದು ರಾಯನು ಎಳ್ಳು ಕೊಟ್ಟನು.

ಅಡಿವೆಪ್ಪನು ಅಂಗೈಯೊಡ್ಡಿದನು. ಐದೇ ಐದು ಮಾತು. ಕ್ಷುತಾಸುರನು ಎರಡೂ ಹೊಳ್ಳೆಗಳಲ್ಲಿ ಒಮ್ಮೆಲೇ ಎದ್ದು ನಿಂತನು. ದಿಗ್ಗಜಗಳು ಕಿವಿ ಮುಚ್ಚಿಕೊಂಡವು, ಅಷ್ಟದಿಕ್ಪಾಲಕರು ಮುಖಕ್ಕೆ ಉತ್ತರೀಯ ಅಡ್ಡ ಹಿಡಿದರು. ವೀರನು ಆಕಾಶದ ಕಡೆಗೊಮ್ಮೆ ನೋಡಿ, ಮೆಲ್ಲಗೆ, ತುಟಿಯನ್ನು ಎಷ್ಟು ಬೇಕೋ ಅಷ್ಟೇ ಬಿಚ್ಚಿ ಆರಂಭಿಸಿದನು.

"ಎಳ್ಳು... ಬೆಲ್ಲ... ತಿಂದು... ಒಳ್ಳೇ..."

ಆಮೇಲೆ ಬಂದದ್ದು ಮಾತಲ್ಲ. ಅಂಗೈಯ ಕುಸುರೆಳ್ಳು ಮಂತ್ರಾಕ್ಷತೆಯಂತೆ ಮೇಲೆದ್ದು ರಾಯನ ಕನ್ನಡಕಕ್ಕೂ ಮೀಸೆಗೂ ಅಂಟಿತು. ಮಂಕಿಕ್ಯಾಪು ಹಾರಿತು. ಹರಳೆಣ್ಣೆಯ ನೆತ್ತಿ ಇಳಿಬಿಸಿಲಿಗೆ ಫಳಫಳ ಹೊಳೆಯಿತು.

"ಒಂದ," ಎಂದಳು ನೀಲವ್ವ. ನೇರ ಒಳಗೆ ಹೋದಳು. ಕಷಾಯವನ್ನು ಮೋರಿಗೆ ಸುರಿದ ಸದ್ದು ಹೊರಗೆ ಕೇಳಿಸಿತು.

ಅಡಿವೆಪ್ಪನು ಇನ್ನೂ ಆರು ಸಲ ಸೀನಿದನು. ಅವನ್ನು ಎಣಿಸುವವರು ಯಾರೂ ಇರಲಿಲ್ಲ. ಗೋಪಾಳರಾಯನು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಕೆಳದನಿಯಲ್ಲಿ ಹೇಳಿದನು.

"ಇವತ್ತ ಒಳ್ಳೇ ಮಾತು ಆಡಬೇಕಲ್ಲರೀ, ಅದಕ್ಕ ಖರೇ ಹೇಳ್ತೀನಿ. ಆ ತಣ್ಣೀರು ನಾ ಮೂರನೇ ದಿನಾನ ಬಿಟ್ಟೆ. ಎದಿ ಝಲ್ ಅಂತು. ಮನ್ಯಾಗ ಗೀಜರ್ ಅದ."

"ಮತ್ತ ಹನ್ನೆರಡು ಕೊಡ?"

"ಅದು ಮಾತಿಗೆ ಅಂದದ್ರಿ."

ಎರಡು ತಿಂಗಳು ಯಾವ ಕೋಟೆಯನ್ನು ಮುತ್ತಲು ಅಡಿವೆಪ್ಪನು ಬಾಯಿ ಸುಟ್ಟುಕೊಂಡನೋ ಆ ಕೋಟೆಯಲ್ಲಿ ಕಾವಲುಗಾರನೂ ಇರಲಿಲ್ಲ. ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆದನು, ಎಂಟನೆಯದು ಬಂತು.

ಮರುದಿನ ಮಧ್ಯಾಹ್ನ ನೀಲವ್ವನ ಅಡುಗೆಮನೆಯಲ್ಲಿ ಎರಡೂ ಒಲೆಗಳು ಉರಿಯುತ್ತಿದ್ದವು. ಒಂದರ ಮೇಲೆ ಬದನೆಕಾಯಿ ಎಣ್ಣೆಗಾಯಿ ಕುದಿಯುತ್ತಿತ್ತು, ಇನ್ನೊಂದರ ಮೇಲೆ ಜೋಳದ ರೊಟ್ಟಿ ಉಬ್ಬುತ್ತಿತ್ತು. ಅವಳು ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ನೇರ ತನ್ನ ತಾಟಿಗೆ ಹಾಕಿಕೊಂಡು, ಕುದಿಯುವ ಎಣ್ಣೆಗಾಯಿ ಬಡಿಸಿಕೊಂಡು, ಅಲ್ಲೇ ಕಟ್ಟೆಯ ಪಕ್ಕ ಕೂತು, ಊದಿ ಊದಿ ಉಣ್ಣತೊಡಗಿದಳು. ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದ ಮಹಾವೀರನು ಕಟ್ಟಿದ ಮೂಗಿನಿಂದ ಕೇಳಿದನು.

"ನನಗ?"

"ನಿಮಗ ನೆಗಡಿ ಆಗೇತಲ್ರೀ. ಗಂಜಿ ಮಾಡೀನಿ, ಕುಡೀರಿ."

ಶೀತಸೇನಾಮರ್ದನನೂ, ಪ್ರತಿಜ್ಞಾಭಾರಧುರಂಧರನೂ, ನಾಲ್ವತ್ತುಮೆಣಸಿನ ಗಂಡನೂ ಆದ ಅಡಿವೆಪ್ಪ ಕರಿಗಾರನು ಬಟ್ಟಲು ಕೈಗೆತ್ತಿಕೊಂಡು ಗಂಜಿ ಕುಡಿದನು. ಅದಕ್ಕೆ ಉಪ್ಪು ಹಾಕುವುದನ್ನು ನೀಲವ್ವ ಮರೆತಿದ್ದಳು. ಅವನಿಗೆ ಗೊತ್ತಾಗಲಿಲ್ಲ.